ಹೆಬ್ಬೆರಳಷ್ಟು ಮಿದುಳಿನ ಮೇಡಂ

ನನ್ನ ಕ್ಲಿನಿಕ್ಕಿನಲ್ಲಿ ಯಾರಾದರೂ ಆಕಳಿಸಿದರೆ ನನಗೆ ಒಬ್ಬ ಮೇಡಂ ನೆನಪಾಗುತ್ತಾರೆ. ಅವರ ಮೊದಲ ಪಾಠ ಶುರುವಾದದ್ದೇ ಆಕಳಿಕೆಯಿಂದ. ಬಳ್ಳಾರಿಯ ಬೇಸಿಗೆ, ಮಧ್ಯಾಹ್ನದ ಅಂಗರಚನಾಶಾಸ್ತ್ರದ ತರಗತಿ, ಹಾಸ್ಟೆಲಿನಲ್ಲಿ ಗಡದ್ದಾಗಿ ಉಂಡು ಬಂದ ನಾವು. ಒಳಗೆ ಬಂದ ಮೇಡಂ ಹಾಜರಿ ಕರೆಯಲಿಲ್ಲ, ಬೋರ್ಡಿನ ಕಡೆಗೂ ಹೋಗಲಿಲ್ಲ. ಮೇಜಿಗೆ ಒರಗಿ ನಿಂತು, ಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಬರುವಂತೆ ಒಂದು ದೊಡ್ಡ ಆಕಳಿಕೆ ತೆಗೆದರು. ಮುಂದಿನ ಬೆಂಚಿನವರು ಆಕಳಿಸಿದರು. ಅವರನ್ನು ನೋಡಿ ಹಿಂದಿನವರು. ಸ್ವಲ್ಪ ಹೊತ್ತಿನಲ್ಲಿ ಇಡೀ ತರಗತಿ ಬಾಯಿ ತೆರೆದುಕೊಂಡು ಕೂತಿತ್ತು.

"ನಿಮಗ ಆಕಳಸ್ರಿ ಅಂತ ನಾ ಹೇಳಿದ್ನೇನು?" ಎಂದರು ಮೇಡಂ. "ನೀವು ಬ್ಯಾಡ ಅಂದ್ರೂ ಬಂತು. ನಿಮ್ಮನ್ನ ಒಂದು ಮಾತು ಕೇಳಲಾರದ ನಿಮ್ಮ ಮೈ ನಡಸೋ ಜಾಗ ಒಂದು ಐತಿ. ಇವತ್ತಿನಿಂದ ಅದರ ಪಾಠ."

ಆ ಜಾಗ ಮಿದುಳುಕಾಂಡ. ನಾವು ಬ್ರೈನ್‌ಸ್ಟೆಮ್ ಎಂದೇ ಅನ್ನುತ್ತಿದ್ದೆವು. ಮೇಡಂ ಅದರ ಚಿತ್ರ ಬರೆಯುವ ಮೊದಲು ತಮ್ಮ ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರು. ಹೆಚ್ಚುಕಡಿಮೆ ಇಷ್ಟೇ ದಪ್ಪ. ಉಗುರಿನ ಜಾಗ ಮಿಡ್‌ಬ್ರೈನ್, ಗೆಣ್ಣಿನ ಉಬ್ಬು ಪಾನ್ಸ್, ಬುಡ ಮೆಡುಲ್ಲ. ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದು ಉಗುರಿನ ಕಡೆಯವರ ಕೆಲಸ. ಮುಖದ ಮುಟ್ಟುವಿಕೆ, ಅಗಿಯುವುದು, ನಗುವುದು ಗೆಣ್ಣಿನ ಕಡೆಯವರದು. ಉಸಿರು, ಎದೆಬಡಿತ, ನುಂಗುವುದು, ಕೆಮ್ಮು, ಬಿಕ್ಕಳಿಕೆ, ದನಿ, ಇವೆಲ್ಲ ಬುಡದಲ್ಲಿ ಕೂತವರ ಜವಾಬ್ದಾರಿ. ಆವತ್ತಿನಿಂದ ಹುಡುಗರು ಅವರನ್ನು ಹೆಬ್ಬೆರಳು ಮೇಡಂ ಎಂದು ಕರೆದರು. ಅದು ಅವರ ಕಿವಿಗೂ ಬಿತ್ತು, ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

"ಮ್ಯಾಲಿನ ದೊಡ್ಡ ಮಿದುಳು ಮದಿವಿ ಮನಿ ಯಜಮಾನ ಇದ್ದಂಗ," ಎನ್ನುತ್ತಿದ್ದರು. "ಶಾಲು ಹೊದ್ಕೊಂಡು ಬಾಗಲದಾಗ ನಿಂತು ಬಂದವರಿಗೆ ಕೈ ಮುಗೀತಾನ. ಒಳಗ ಒಲಿ ಮುಂದ ಕುಂತು ಬೇಯೋದು ಇದು. ಯಜಮಾನ ಮಲಗಿದ್ರೂ ಊಟ ನಡೀತತಿ. ಒಲಿ ಆರಿತಂದ್ರ ಮದಿವಿ ಮುಗೀತು."

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಬ್ಯಾಡ ತಂಗಿ, ಹೆಸರು ಹಾಕಿದಿ ಅಂದ್ರ ಸಿರುಗುಪ್ಪದ ಮಂದಿಯೆಲ್ಲ ಮನಿ ಮುಂದ ಸಾಲಾಗಿ ನಿಂತು ನಾಲಿಗಿ ಚಾಚ್ತಾರ" ಎಂದರು. ಚಾಚಿದರೆ ಅವರು ನೋಡದೆ ಬಿಡುವವರೂ ಅಲ್ಲ.

ಅವರ ಪಾಠಗಳಲ್ಲಿ ನನಗೆ ತುಂಬ ಹಿಡಿಸಿದ್ದು ಸ್ಟೂಲಿನ ಪಾಠ. ತರಗತಿ ಮುಗಿದ ಮೇಲೆ ಬಾಗಿಲಿನ ಒಂದೇ ಕದ ತೆಗೆದು, ಎಡಗಡೆ ಕೂತವರು ಹೊರಗೆ ಹೋಗಿ ಬಲಕ್ಕೆ ತಿರುಗಬೇಕು, ಬಲಗಡೆಯವರು ಎಡಕ್ಕೆ ತಿರುಗಬೇಕು, ಅದೇ ಹೊತ್ತಿಗೆ ಹೊರಗೆ ಕಾದಿರುವ ಮುಂದಿನ ತರಗತಿಯವರು ಒಳಗೆ ಬರಬೇಕು ಎಂದು ಅಪ್ಪಣೆ ಮಾಡಿದರು. ನಾವು ನೂಕಿಕೊಂಡು, ನಗುತ್ತ, ಬೈದುಕೊಂಡು ಹೇಗೋ ದಾಟುತ್ತಿದ್ದೆವು. ಆಗ ಮೇಡಂ ಮೆಲ್ಲಗೆ ಬಂದು ಬಾಗಿಲ ನಡುವೆ ಒಂದು ಸಣ್ಣ ಸ್ಟೂಲು ಇಟ್ಟುಬಿಟ್ಟರು. ಒಬ್ಬಳ ಮೊಣಕಾಲಿಗೆ ತಾಗಿತು, ಒಬ್ಬನ ಚಪ್ಪಲಿ ಹರಿಯಿತು, ಇನ್ನೊಬ್ಬನ ಬೆನ್ನ ಮೇಲೆ ಮತ್ತೊಬ್ಬ ಬಿದ್ದ.

"ಸ್ಟೂಲು ಎಷ್ಟರದು? ತ್ರಾಸು ಎಷ್ಟು ಮಂದಿಗೆ?" ಎಂದು ಕೇಳಿದರು. ಮಿದುಳಿಗೂ ಮೈಗೂ ನಡುವೆ ಓಡಾಡುವ ಎಲ್ಲ ನರಗಳೂ ಆ ಇಕ್ಕಟ್ಟಿನಲ್ಲೇ ಹಾಯಬೇಕು. ಕೆಲವು ಅಲ್ಲೇ ಎಡದಿಂದ ಬಲಕ್ಕೆ ದಾಟುತ್ತವೆ, ಕೆಲವು ಕೆಳಗೇ ದಾಟಿಕೊಂಡು ಬಂದಿರುತ್ತವೆ. ಅಲ್ಲಿ ಕಾಳಿನಷ್ಟು ಜಾಗಕ್ಕೆ ರಕ್ತ ನಿಂತರೂ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಹತ್ತಾರು ತೊಂದರೆಗಳು ಒಟ್ಟಿಗೆ ಬರುತ್ತವೆ. ಪುಸ್ತಕದಲ್ಲಿ ಇದನ್ನು ಓದಿದರೂ ತಲೆಗೆ ಹತ್ತುವುದಿಲ್ಲ. ಚಪ್ಪಲಿ ಹರಿದ ಹುಡುಗ ಮಾತ್ರ ಇವತ್ತಿಗೂ ಮರೆತಿಲ್ಲವಂತೆ.

ಕ್ಯಾಂಟೀನಿನಲ್ಲಿಯೂ ಬಿಡುತ್ತಿರಲಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ ಅವರ ನಿತ್ಯದ ತಿಂಡಿ. ನಮ್ಮನ್ನೂ ಕರೆದು ಕೂರಿಸಿಕೊಳ್ಳುವರು. ನಮ್ಮ ಬಾಯಿ ತುಂಬುವವರೆಗೆ ಕಾದು, ಸರಿಯಾಗಿ ಅದೇ ಗಳಿಗೆಯಲ್ಲಿ ಒಂದು ಪ್ರಶ್ನೆ ಎಸೆಯುವರು. ಅವಸರಕ್ಕೆ ಬಾಯಿ ಬಿಟ್ಟರೆ ಮುಗಿಯಿತು, ಮಂಡಕ್ಕಿ ನೆತ್ತಿಗೆ ಹತ್ತಿ ಕೆಮ್ಮು. "ನುಂಗು, ಆಮ್ಯಾಲ ಹೇಳು. ಗಾಳಿ ದಾರಿ, ಕೂಳಿನ ದಾರಿ ಗಂಟಲದಾಗ ಒಂದನ್ನೊಂದು ದಾಟ್ತಾವ. ನುಂಗೋ ಹೊತ್ತಿಗೆ ಉಸಿರು ನಿಲ್ಲಸ್ತತಿ ನಿನ್ನ ಮೆಡುಲ್ಲ. ಅದಕ್ಕಷ್ಟು ಪುರಸೊತ್ತು ಕೊಡು." ಹೀಗೆ ಹೇಳುತ್ತ ಅವರು ಮಾತ್ರ ಒಂದರ ಹಿಂದೊಂದು ಮಿರ್ಚಿ ಖಾಲಿ ಮಾಡುತ್ತಿದ್ದರು.

ಅವರಲ್ಲಿ ಕುಂದುಗಳು ಇರಲಿಲ್ಲ ಎಂದಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ತರಗತಿಗೆ ತಾವು ತಡವಾಗಿ ಬಂದು, ತಡವಾಗಿ ಬಂದ ನಮ್ಮನ್ನು ಹೊರಗೆ ನಿಲ್ಲಿಸುವರು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಹೆಸರೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹುಡುಗಿಯರೆಲ್ಲ ತಂಗಿ, ಹುಡುಗರೆಲ್ಲ ತಮ್ಮ. ಗುರುತು ಹಿಡಿಯುತ್ತಿದ್ದುದು ನಮ್ಮ ನರಗಳ ಮೇಲೆ. ಗಂಟಲಿನ ಹಿಂಭಾಗ ಮುಟ್ಟಿದರೆ ಓಕರಿಕೆ ಬರುವುದನ್ನು ತೋರಿಸಲು ಒಮ್ಮೆ ಯಾರಾದರೂ ಮುಂದೆ ಬನ್ನಿ ಎಂದಾಗ ನಾನು ಧೈರ್ಯವಾಗಿ ಹೋಗಿ ಬಾಯಿ ತೆರೆದಿದ್ದೆ. ಅವರ ಕಡ್ಡಿ ಇನ್ನೂ ಹಲ್ಲು ದಾಟುವ ಮುಂಚೆಯೇ ನನಗೆ ಓಕರಿಕೆ ಬಂದು ಇಡೀ ತರಗತಿ ನಕ್ಕಿತು. ಆವತ್ತಿನಿಂದ ನಾನು ಓಕರಿಕೆ ಹುಡುಗಿ.

ಡಿಗ್ರಿ ಮುಗಿಸಿ ಕುರುಗೋಡಿನಲ್ಲಿ ಕ್ಲಿನಿಕ್ ಇಟ್ಟು, ಮದುವೆಯಾಗಿ, ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಆ ಬಿರುದು ನನ್ನ ಬೆನ್ನು ಬಿಡಲಿಲ್ಲ. ಮೇಡಂ ನಿವೃತ್ತರಾಗಿ ಸಿರುಗುಪ್ಪದ ತಮ್ಮ ಮನೆಗೆ ಹೋಗಿದ್ದರು. ಬಳ್ಳಾರಿಗೆ ಹೋಗುವ ಕೆಲಸವಿದ್ದರೆ ಸುತ್ತಾದರೂ ಸರಿ ಎಂದು ಕುರುಗೋಡಿನ ಬಸ್ಸು ಹಿಡಿದು ಬಂದು, ತುಂಬಿದ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, "ಎಲ್ಲಿ ನಮ್ಮ ಓಕರಿಕಿ ಹುಡುಗಿ?" ಎಂದು ಕೂಗುವರು. ನನ್ನ ಮರ್ಯಾದೆ ಗುಡ್ಡ ಹತ್ತಿ ಹೋಗುತ್ತಿತ್ತು. ಆಮೇಲೆ ಕಾಯುತ್ತಿರುವ ರೋಗಿಗಳ ನಡುವೆ ಕೂತು, ಮೊಬೈಲಿನ ಟಾರ್ಚು ಹಚ್ಚಿ, ಒಬ್ಬೊಬ್ಬರ ಕಣ್ಣಿಗೂ ಬಿಡುವರು.

"ನಾ ಮೊಣಕಾಲು ಬ್ಯಾನಿಗೆ ಬಂದೀನ್ರಿ, ಕಣ್ಣಾಗ ಯಾಕ ಲೈಟು ಬಿಡ್ತೀರಿ?" ಎಂದು ಒಬ್ಬ ಮುದುಕ ಜಗಳಕ್ಕೆ ನಿಂತಿದ್ದ.

"ಮೊಣಕಾಲು ಡಾಕ್ಟ್ರು ನೋಡ್ತಾಳ. ನಾ ಸುಮ್ಮನ ಚಂದ ಐತಂತ ನೋಡಾಕತ್ತೀನಿ," ಎಂದರು ಮೇಡಂ. ಮುದುಕ ಏನು ತಿಳಿದನೋ, ಮೀಸೆ ಸರಿಮಾಡಿಕೊಂಡು ಇನ್ನೊಂದು ಕಣ್ಣನ್ನೂ ತೋರಿಸಿದ.

ಈಗ ಅಕ್ಕನ ವಿಷಯ ಹೇಳಬೇಕು. ಸಿರುಗುಪ್ಪದ ಮನೆಯಲ್ಲಿ ಇದ್ದವರು ಇಬ್ಬರೇ, ಮೇಡಂ ಮತ್ತು ಅವರ ಅಕ್ಕ. ತಾಯಿ ಬೇಗ ಹೋದದ್ದರಿಂದ ಮೇಡಂ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕನೇ. ಗಂಡ ತೀರಿಕೊಂಡ ಮೇಲೆ ತಂಗಿಯ ಹತ್ತಿರವೇ ಬಂದಿದ್ದರು. ಮೇಡಂ ಮದುವೆಯಾಗಿರಲಿಲ್ಲ. ಅಕ್ಕನ ಪ್ರಕಾರ ಜಗತ್ತಿನ ಸಕಲ ಕಾಯಿಲೆಗಳೂ ಬಾಯಿಗೆ ಏನೂ ಹಾಕಿಕೊಳ್ಳದೆ ಇರುವುದರಿಂದಲೇ ಬರುವಂಥವು. ನಾನು ಹೋದಾಗೆಲ್ಲ ರೊಟ್ಟಿ, ಪಲ್ಯ, ಮೇಲೆ ಅನ್ನ, ಮೇಲೆ ಮೊಸರು, ಸಾಕು ಎಂದರೆ ಮುಖ ಸಣ್ಣದು ಮಾಡಿಕೊಳ್ಳುವರು. ಇಡೀ ಕಾಲೇಜನ್ನು ನಡುಗಿಸಿದ ಮೇಡಂ ಅಕ್ಕನ ಮುಂದೆ ತಟ್ಟೆ ಹಿಡಿದುಕೊಂಡು ಸುಮ್ಮನೆ ಕೂರುವುದನ್ನು ನೋಡುವುದೇ ನನಗೊಂದು ಖುಷಿ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಡಂ ಎದ್ದ ಕೂಡಲೇ ತಲೆ ಗಿರ್ರೆಂದು ತಿರುಗಿ ವಾಂತಿಯಾಯಿತು. ಹಿಂದೆಯೇ ಬಿಕ್ಕಳಿಕೆ ಹತ್ತಿತು. ನಿಲ್ಲಲಿಲ್ಲ. ನಮ್ಮ ಕಡೆ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡಿದ್ದಾರೆ ಎಂದು ಅರ್ಥ. ನೆನೆಸಿದವರ ಹೆಸರು ಹೇಳಿ ಒಂದು ಗುಟುಕು ನೀರು ಕುಡಿಸಬೇಕು. ಹೆಸರು ಸರಿಯಾದರೆ ನಿಲ್ಲುತ್ತದೆ. ಅಕ್ಕ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತರು. ದೇಶನೂರಿನ ಚಿಕ್ಕಮ್ಮ ಇರಬೇಕು, ಒಂದು ಗುಟುಕು. ಸಿರಿಗೇರಿಯ ಬೀಗರು ಇರಬೇಕು, ಇನ್ನೊಂದು ಗುಟುಕು. ಪ್ರತಿ ಗುಟುಕಿಗೂ ಮೇಡಂ ಕೆಮ್ಮಿದರು, ನೀರು ಮೂಗಿನಿಂದ ಬಂತು. ಹೆಸರು ತಪ್ಪಿದೆ ಎಂದುಕೊಂಡು ಅಕ್ಕ ಮುಂದಿನ ನೆಂಟರಿಗೆ ಹೋದರು.

ಅಷ್ಟರಲ್ಲಿ ಮೇಡಂ ಬಲಗೈಯಲ್ಲಿ ಚಹಾದ ಲೋಟ ಹಿಡಿದರು. ಅದು ಬಿಸಿ ಅನ್ನಿಸಲಿಲ್ಲ. ಎಡಗೈಗೆ ಬದಲಾಯಿಸಿದರು, ಸುಟ್ಟಿತು. ಅವರು ತಕ್ಷಣ ಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ನು ಬಿಚ್ಚಿ ತಮ್ಮ ಮುಖಕ್ಕೆ ಚುಚ್ಚಿಕೊಂಡು ನೋಡತೊಡಗಿದರಂತೆ. ಅಕ್ಕ ಚೀರಿಕೊಂಡರು.

ನಾನು ಆಗಷ್ಟೇ ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದೆ. ಫೋನಿನಲ್ಲಿ ಮೇಡಂ ನಂಬರು, ದನಿ ಮಾತ್ರ ಯಾರೋ ಗಂಡಸಿನಂತೆ ಗೊಗ್ಗರು.

"ಯಾರ್ರಿ ಮಾತಾಡೋರು?" ಎಂದೆ.

"ನಾನ. ಸುಮ್ಮನ ಕೇಳು." ನಡುವೆ ಒಂದು ಬಿಕ್ಕಳಿಕೆ. "ಪೇಶಂಟು ಹೆಂಗಸು. ತಲಿ ತಿರುಗಿ ವಾಂತಿ ಆಗೈತಿ. ದನಿ ಬಿದ್ದೈತಿ. ನುಂಗಿದ್ದು ಇಳಿವಲ್ದು. ಎಡಗಡಿ ಮುಖಕ್ಕ ಪಿನ್ನು ಚುಚ್ಚಿದ್ರ ಗೊತ್ತಾಗವಲ್ದು, ಬಲಗೈಗೆ ಬಿಸಿ ಗೊತ್ತಾಗವಲ್ದು. ಎಡಗಣ್ಣಿನ ರೆಪ್ಪಿ ಜೋತು ಬಿದ್ದೈತಿ. ಕೈಕಾಲಿನ ಶಕ್ತಿ ಗಟ್ಟಿ ಐತಿ. ಹೇಳು, ಎಲ್ಲೈತಿ?"

ವೈವಾ ಪರೀಕ್ಷೆಯ ಹೆದರಿಕೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ. "ಮೆಡುಲ್ಲ, ಮೇಡಂ," ಎಂದುಬಿಟ್ಟೆ.

"ಮೆಡುಲ್ಲದಾಗ ಎಲ್ಲೆ?"

"ಪಕ್ಕದ ಭಾಗ."

"ಎಡಕ್ಕೋ, ಬಲಕ್ಕೋ?"

"ಎಡಕ್ಕ." ಆ ಬಿದ್ದ ದನಿ ಯಾರದೆಂದು ನನಗೆ ಆಗ ಹೊಳೆಯಿತು. "ಮೇಡಂ, ಪೇಶಂಟು ಯಾರು?"

"ನಾನ. ಪಾಸಾದಿ. ಈಗ ನಮ್ಮಕ್ಕಗ ಒಂದು ಮಾತು ಹೇಳು, ನೀರು ಹಾಕೋದು ನಿಲ್ಲಸಂತ. ನಾ ಹೇಳಿದ್ರ ಕೇಳವಲ್ಲಳು."

ಅಕ್ಕ ಫೋನು ತೆಗೆದುಕೊಂಡರು. "ಅಕ್ಕಾರ, ಒಂದು ಹನಿ ನೀರೂ ಬಾಯಿಗೆ ಹಾಕಬ್ಯಾಡ್ರಿ. ಲಕ್ವ ಹೊಡದೈತಿ. ನೀರು ಹೊಟ್ಟಿಗೆ ಹೋಗಂಗಿಲ್ಲ, ಶ್ವಾಸಕೋಶಕ್ಕ ಹೋಗತೈತಿ," ಎಂದೆ.

"ಎಂಥ ಲಕ್ವರಿ ಡಾಕ್ಟ್ರಮ್ಮಾ? ಕೈಕಾಲು ಆಡಾಕತ್ತಾವ, ಬಾಯಿ ಸೊಟ್ಟಗ ಆಗಿಲ್ಲ. ಬಿಕ್ಕಳಿಕಿಗೆ ನೀರು ಕೊಡಬಾರದಂತ ಯಾವ ಪುಸ್ತಕದಾಗ ಐತ್ರಿ?" ಎಂದು ರೇಗಿದರು. ಹಿಂದಿನಿಂದ ಆ ಗೊಗ್ಗರು ದನಿ, "ನನ್ನ ಪುಸ್ತಕದಾಗ ಐತೇ!" ಎಂದು ಕೂಗಿತು. ನಾನು ಅಳಬೇಕೋ ನಗಬೇಕೋ ತಿಳಿಯದೆ, ಪಕ್ಕದ ಮನೆಯವರ ಕಾರು ಹತ್ತಿಸಿ ನೇರ ಬಳ್ಳಾರಿಗೆ ಕರೆದುಕೊಂಡು ಬನ್ನಿ ಎಂದು ಹೇಳಿ, ನಾನೂ ಹೊರಟೆ.

ಸ್ಕ್ಯಾನಿನಲ್ಲಿ ಮೆಡುಲ್ಲದ ಎಡ ಪಕ್ಕದಲ್ಲಿ ಕಾಳಿನಷ್ಟು ಬಿಳಿ ಚುಕ್ಕೆ ಕಂಡಿತು. ಫಿಲ್ಮನ್ನು ಬೆಳಕಿಗೆ ಹಿಡಿಸಿ ನೋಡಿದ ಮೇಡಂ, ಅಲ್ಲಿದ್ದ ನರರೋಗದ ಡಾಕ್ಟರಿಗೆ, "ಚಂದ ಬಂದೈತಿ, ಒಂದು ಕಾಪಿ ಕಾಲೇಜಿಗೆ ಕೊಡ್ರಿ," ಎಂದರು. ಜೀವಕ್ಕೆ ಅಪಾಯ ದಾಟಿತು. ನುಂಗುವುದು ಮಾತ್ರ ಪೂರ್ತಿ ನಿಂತುಹೋಗಿತ್ತು. ಉಗುಳನ್ನೂ ನುಂಗಲಾಗದೆ ಬಟ್ಟೆಗೆ ಉಗಿಯುತ್ತಿದ್ದರು. ಮೂಗಿನಲ್ಲಿ ನಳಿಗೆ ಹಾಕಿ ಅದರಲ್ಲೇ ಆಹಾರ ಕೊಟ್ಟರು. ಎರಡೇ ದಿನಕ್ಕೆ ಜ್ವರ ಬಂತು. ನೀರು ಶ್ವಾಸಕೋಶಕ್ಕೆ ಇಳಿದು ಸೋಂಕಾಗಿದೆ ಎಂದು ಡಾಕ್ಟರು ನನಗೆ ಹೇಳುತ್ತಿದ್ದಾಗ ಅಕ್ಕ ನನ್ನ ಹಿಂದೆಯೇ ನಿಂತಿದ್ದರು.

"ಹಂಗಾದ್ರ ನಾನ ಕುಡಿಸಿದ್ದು," ಎಂದರು ಅಕ್ಕ. ಆ ದಿನದಿಂದ ಅವರು ತಂಗಿಯ ಮಂಚದ ಹತ್ತಿರ ಬರುವುದನ್ನು ಬಿಟ್ಟರು. ವರಾಂಡದ ಬೆಂಚಿನ ಮೇಲೆ ಸೆರಗು ಹೊದ್ದು ಕೂರುವರು. ಊಟ ತಂದುಕೊಟ್ಟರೆ ಒಂದು ತುತ್ತು ಮುರಿದು ಹಾಗೇ ಮುಚ್ಚಿಡುವರು. ಎಲ್ಲರ ಬಾಯಿಗೂ ಹಾಕುತ್ತಿದ್ದ ಆ ಕೈ ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಳಗೆ ಮೇಡಂ ಮಾತ್ರ ವಾರ್ಡನ್ನೇ ತರಗತಿ ಮಾಡಿಕೊಂಡಿದ್ದರು. ಜ್ವರ ಇಳಿದದ್ದೇ ತಡ, ವಿದ್ಯಾರ್ಥಿಗಳನ್ನು ಕರೆಸಿ, "ಪುಸ್ತಕದಾಗಿದ್ದದ್ದು ಮಂಚದ ಮ್ಯಾಲೆ ಬಂದೈತಿ, ನೋಡ್ಕೊಳ್ರಿ," ಎಂದರು. ಒಬ್ಬ ಹುಡುಗ ಹುರುಪಿನಿಂದ ಎಡಗೆನ್ನೆಗೆ ಪಿನ್ನು ಒತ್ತಿದ. "ಲೇ ತಮ್ಮಾ, ನನಗ ಗೊತ್ತಾಗಂಗಿಲ್ಲಂತ ಗೋಣಿಚೀಲ ಹೊಲಿದಂಗ ಚುಚ್ಚಬ್ಯಾಡ. ಮುಖ ನಂದ ಐತಿ," ಎಂದು ಗದರಿದರು. ನೋಡಲು ಬಂದ ದೇಶನೂರಿನ ನೆಂಟರು ಕೈಕಾಲು ನೆಟ್ಟಗಿರುವುದನ್ನು ಕಂಡು, ಇಷ್ಟು ದೂರ ಬಂದದ್ದಕ್ಕೆ ಸರಿಯಾದ ಲಕ್ವ ನೋಡಲು ಸಿಗಲಿಲ್ಲ ಎಂಬಂತೆ ಮುಖ ಮಾಡಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡರು.

"ನೋಡು, ನುಂಗೋದು ತಿರುಗಿ ಬರಬಹುದು, ಬರದನೂ ಇರಬಹುದು. ಬರಲಿಲ್ಲ ಅಂದ್ರ ಹೊಟ್ಟಿಗೆ ತೂತು ಮಾಡಿ ನಳಿಗಿ ಹಾಕ್ತಾರ. ಅದಕ್ಕ ನಾನು ಅಂಜಂಗಿಲ್ಲ, ಹಾಕ್ಕೊಂಡು ಅಡ್ಡಾಡ್ತೀನಿ. ಆದ್ರ ನಾ ಬಾಯಿಲೆ ತಿನ್ನಲಿಲ್ಲ ಅಂದ್ರ ಅಕ್ಕ ಬದುಕಾಕಿ ಅಲ್ಲ." ಬಟ್ಟೆಗೆ ಉಗುಳು ಒರೆಸಿಕೊಂಡು, "ಸಾವಿರಾರು ಮಂದಿಗೆ ಈ ಪಾಠ ಹೇಳೀನಿ. ಮನ್ಯಾಗ ಒಬ್ಬಾಕಿಗೆ ಹೇಳಲಿಲ್ಲ," ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ನಾನೂ ಅತ್ತೆ.

ಮರುದಿನದಿಂದ ನುಂಗುವ ಅಭ್ಯಾಸ ಶುರುವಾಯಿತು. ಅದನ್ನು ಕಲಿಸುವ ಥೆರಪಿಸ್ಟ್ ಬಂದು, ನಾಲಿಗೆಯನ್ನು ಒತ್ತುವುದು, ಉಸಿರು ಹಿಡಿಯುವುದು, ಗಂಟಲನ್ನು ಮೇಲೆತ್ತುವುದು ಹೇಳಿಕೊಟ್ಟರು. ಮೇಡಂ ಹಟಮಾರಿ ವಿದ್ಯಾರ್ಥಿ. ಪಾಠ ಹೇಳುವವರ ಪಾಠವನ್ನೇ ತಿದ್ದುವರು, ಬೈಸಿಕೊಳ್ಳುವರು, ಮತ್ತೆ ಮಾಡುವರು. ಬಿಕ್ಕಳಿಕೆ ನಿಂತಿತು. ಸಿರುಗುಪ್ಪಕ್ಕೆ ನಳಿಗೆಯ ಸಮೇತ ಹೋದರು. ಅಕ್ಕ ಮನೆಯಲ್ಲಿಯೂ ದೂರದೂರವೇ ಇದ್ದರು. ನಳಿಗೆಗೆ ಆಹಾರ ಹಾಕುವುದಕ್ಕೂ ಪಕ್ಕದ ಮನೆಯವಳನ್ನು ಕರೆಯುತ್ತಿದ್ದರು.

ಕೆಲವು ವಾರಗಳ ಮೇಲೆ ಮತ್ತೆ ಬಳ್ಳಾರಿಗೆ ಪರೀಕ್ಷೆಗೆ ಬಂದರು. ಬಾಯಿಗೆ ಕೊಟ್ಟು ನೋಡುವ ದಿನ ಅದು. ನೀರು ಎಲ್ಲಕ್ಕಿಂತ ಕಷ್ಟ, ಬೇಗ ಜಾರಿ ತಪ್ಪು ದಾರಿ ಹಿಡಿಯುತ್ತದೆ. ಅದಕ್ಕೇ ಮನೆಯಿಂದ ನುಣ್ಣಗಿನ ಗಟ್ಟಿ ಗಂಜಿ ತನ್ನಿ ಎಂದಿದ್ದರು. ಅಕ್ಕ ಸ್ಟೀಲಿನ ಡಬ್ಬಿಯಲ್ಲಿ ಅಕ್ಕಿಯ ಗಂಜಿ ಮಾಡಿ ತಂದಿದ್ದರು. ಡಬ್ಬಿಯನ್ನು ಥೆರಪಿಸ್ಟ್ ಕೈಗೆ ಕೊಟ್ಟು ಹೊರಗೆ ಹೋಗಲು ತಿರುಗಿದರು.

"ಅಕ್ಕ ಕೊಟ್ರ ತಿಂತೀನಿ," ಎಂದರು ಮೇಡಂ. "ಬ್ಯಾರೆಯವರು ಕೊಟ್ರ ಬಾಯಿ ತೆರಿಯಂಗಿಲ್ಲ."

"ನಾ ಕೊಡಂಗಿಲ್ಲ." ಅಕ್ಕ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು. "ಒಮ್ಮೆ ಕೊಟ್ಟಿದ್ದು ಸಾಕು. ನಿನ್ನ ಕಾಲು ಬೀಳ್ತೀನಿ, ನನಗ ಹೇಳಬ್ಯಾಡ."

"ಆವತ್ತು ನಿನಗ ಗೊತ್ತಿರಲಿಲ್ಲ, ನಾ ಮೊದಲ ತಿಳಿಸಿ ಹೇಳಿರಲಿಲ್ಲ. ಇವತ್ತು ಹೇಳ್ತೀನಿ, ಕೇಳು. ನನ್ನ ಗಂಟಲದಾಗ ಎಡಗಡಿ ಮಲಗೈತಿ. ಅದಕ್ಕ ನಾ ಎಡಕ್ಕ ಹೊಳ್ಳಿ ಗದ್ದ ಕೆಳಗ ಮಾಡ್ತೀನಿ. ಆ ಬಾಗಲಾ ಮುಚ್ತತಿ, ಬಲಗಡಿ ಬಾಗಲಾ ತೆರಿತತಿ. ಅರ್ಧ ಚಮಚ ಕೊಡು. ನಾ ನುಂಗೋತನ ಇನ್ನೊಂದು ಕೊಡಬ್ಯಾಡ. ತಿಳೀತಿಲ್ಲೋ?"

ಅಕ್ಕ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಬಂದು ಮಂಚದ ಬಲಕ್ಕೆ ಕೂತರು. ಚಮಚದಲ್ಲಿ ಹೆಚ್ಚಾದದ್ದನ್ನು ಡಬ್ಬಿಯ ಅಂಚಿಗೆ ಸವರಿ ಇಳಿಸಿದರು. ಅರ್ಧ ಚಮಚ ಗಂಜಿ ತಂಗಿಯ ಬಾಯಿಗೆ ಇಟ್ಟು, ತಾವೇ ಉಸಿರು ಬಿಗಿಹಿಡಿದು ಕೂತುಬಿಟ್ಟರು. ಮೇಡಂ ಕುತ್ತಿಗೆಯನ್ನು ಎಡಕ್ಕೆ ಹೊರಳಿಸಿ, ಗದ್ದ ಇಳಿಸಿ, ಕಣ್ಣು ಮುಚ್ಚಿದರು. ಗಂಟಲು ಒಮ್ಮೆ ಮೇಲೆ ಹೋಗಿ ಅರ್ಧಕ್ಕೆ ನಿಂತಿತು. ಮತ್ತೆ ಹೋಯಿತು. ಪೂರ್ತಿ ಹೋಗಿ ಇಳಿಯಿತು. ನಾವೆಲ್ಲ ಕೆಮ್ಮಿಗೆ ಕಾದೆವು. ಕೆಮ್ಮು ಬರಲಿಲ್ಲ.

"ಈಗ ಏನಾದರೂ ಮಾತಾಡಿ ಮೇಡಂ," ಎಂದರು ಥೆರಪಿಸ್ಟ್. ಗಂಜಿ ದನಿಯ ದಾರಿಯಲ್ಲಿ ಉಳಿದಿದ್ದರೆ ಮಾತು ಗೊರಗೊರ ಅನ್ನುತ್ತದೆ, ಅದಕ್ಕೇ ಹಾಗೆ ಮಾತಾಡಿಸುವುದು.

ಮೇಡಂ ಕಣ್ಣು ತೆರೆದು, ಗೊಗ್ಗರಾದರೂ ಒಂದಿಷ್ಟೂ ಗೊರಗುಟ್ಟದ ದನಿಯಲ್ಲಿ, "ಅಕ್ಕಾ, ಉಪ್ಪು ಹಾಕಿಲ್ಲಲ್ಲೇ," ಎಂದರು.

ಅಕ್ಕನಿಗೆ ಅದು ನಂಬಿಕೆಯಾಗಲಿಲ್ಲ. ಅದೇ ಚಮಚದಲ್ಲಿ ಡಬ್ಬಿಯಿಂದ ಗಂಜಿ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ನೋಡಿದರು. "ಹೌದಲ್ಲೇ, ಮರ್ತೀನಿ," ಎಂದರು. ಇನ್ನೊಂದು ಚಮಚ ತಿಂದರು. ಆಮೇಲೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಉಪ್ಪಿಲ್ಲದ ಆ ಗಂಜಿಯನ್ನು ತಂಗಿಗೆ ಅರ್ಧ ಚಮಚ ಕೊಡುತ್ತ, ತಾವೊಂದು ಚಮಚ ತಿನ್ನುತ್ತ ಕೂತರು.